ಹ್ಯಾಂಡ್‌ಪೋಸ್ಟಲ್ಲಿ ಬಿದ್ದ ಹೊಸ ಫೋನು

ಈ ಸಲ ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿದ್ರೂ ನನ್ನ ಬಾಯಲ್ಲಿ ಉಳಿದಿರೋ ಎರಡು ಹಲ್ಲೂ ಇಲ್ಲೇ ಉದುರಿ ಹೋಗ್ಲಿ ಕಣ್ರಪ್ಪ.

"ಹೋದ್ಸಲ ಆಣೆ ಇಟ್ಟಾಗ ಮೂರಿತ್ತಲ್ಲ ತಾತ?"

ಅದು ಬೇರೆ ವಿಷ್ಯ ಲಿಂಗರಾಜು. ನೀನು ಸುಮ್ನೆ ಕೇಳು.

ನಮ್ಮ ಹ್ಯಾಂಡ್‌ಪೋಸ್ಟಲ್ಲಿ ಮೂರು ದಾರಿ ಕೂಡ್ತಾವಲ್ಲ, ಅದರ ಹಿಂದ್ಗಡೆ ಬೀದೀಲಿ ಜವರಮ್ಮ ಅಂತ ಒಬ್ಳಿದ್ಲು. ಅವಳಿಗೊಬ್ಬ ಮಗ, ಕೆಂಡಗಣ್ಣ. ಆಳು ನೋಡಿದ್ರೆ ತೆಂಗಿನ ಮರ, ತಲೇಲಿ ಮಾತ್ರ ಎಳನೀರೂ ಇಲ್ಲ. ಹೇಳಿದ್ದನ್ನ ಹೇಳ್ದಂಗೇ ಮಾಡೋನು. "ಹಾಲು ಉಕ್ಕುತ್ತೆ, ನೋಡ್ತಾ ಇರು" ಅಂದ್ರೆ, ಉಕ್ಕಿ ಒಲೆ ಆರೋವರ್ಗೂ ನೋಡ್ತಾನೇ ಇರೋನು. "ಇವನನ್ನ ಹೆರೋ ಬದ್ಲು ಒಂದು ಒರಳುಕಲ್ಲು ಹೆತ್ತಿದ್ರೆ ರುಬ್ಬೋಕಾದ್ರೂ ಆಗೋದು" ಅಂತ ಅವಳು ದಿನಾ ಗೋಳಾಡೋಳು.

ಗೋಡೆ ಆಚೆ ಮನೇಲಿ ಅವಳ ಓರಗಿತ್ತಿ ಪುಟ್ಟಗೌರಿ, ಗಂಡನ ಅಣ್ಣನ ಹೆಂಡ್ತಿ. ಇಬ್ಬರಿಗೂ ಗೋಡೆ ಒಂದೇ, ಹೊಟ್ಟೆಕಿಚ್ಚು ಬೇರೆ ಬೇರೆ. ಇವಳು ಮಿಕ್ಸಿ ತಂದ್ರೆ ಅವಳು ಗ್ರೈಂಡರ್ ತರೋಳು. ಅವಳ ಮನೇಲಿ ಒಗ್ಗರಣೆ ಚಟಪಟ ಅಂದ್ರೆ, ಇವಳು ಇನ್ನೊಂದು ಹಿಡಿ ಸಾಸಿವೆ ಸುರಿಯೋಳು.

ಅಂಥಾ ಹೊತ್ನಲ್ಲಿ ಸಿಮ್ ಕಂಪನಿಯೋರು ಒಂದು ಸ್ಕೀಮ್ ತಂದ್ರು. ತಪ್ದೆ ರೀಚಾರ್ಜ್ ಮಾಡ್ಸಿದೋರು ಹಳೇ ಫೋನ್ ವಾಪಸ್ ಕೊಟ್ಟು ಹೊಸಾದು ತಗೋಬೋದು. ಆದ್ರೆ ವರ್ಷಕ್ಕೆ ಒಂದೇ ಸಲ. ಗಂಟು ಬಿದ್ದಿದ್ದೇ ಇಲ್ಲಿ. ಇವತ್ತು ಬದಲಾಯಿಸ್ಬಿಟ್ಟು ನಾಳೆ ಇನ್ನೂ ಒಳ್ಳೇದು ಬಂದ್ರೆ? ಅದನ್ನ ಪುಟ್ಟಗೌರಿ ತಗೊಂಡ್ರೆ? ಅವಳದ್ದಕ್ಕಿಂತ ನಂದು ಹೊಸಾದಾಗಿರ್ಬೇಕು, ಜವರಮ್ಮನಿಗೆ ಇದೊಂದೇ ಆಸೆ. ಗೋಡೆ ಆಚೇನೂ ಅದೇ ಆಸೆ.

"ಲೋ ಕೆಂಡಗಣ್ಣ, ನಯಾಜ್ ಅಂಗಡೀಲಿ ವಿಚಾರಿಸು. ಅವನು ಏನ್ ಮಾಡು ಅಂತಾನೋ ಅದನ್ನ ಮಾಡು."

ನಯಾಜು ಸಿಮ್ಮು, ಫೋನು ಮಾರೋನು. "ಈಗ್ಲೇ ತಗೋಬೇಡ ಗುರು. ಇನ್ನೊಂದು ಬರ್ತಾ ಇದೆ ಅಂತ ಸುದ್ದಿ. ಸ್ವಲ್ಪ ಕಾಯ್ಬೇಕು" ಅಂದ.

ಕೆಂಡಗಣ್ಣ ನೆಟ್ಟಗೆ ಬಸ್ ಸ್ಟ್ಯಾಂಡಿಗೆ ಹೋಗಿ ಕೂತ. ಊರಿಗೆ ಬರೋರನ್ನ ಎಲ್ರೂ ಕಾಯೋದು ಅಲ್ಲೇ ತಾನೆ? ಬಸ್ ಬಂದಾಗೆಲ್ಲಾ ಹತ್ತಿ ಬಗ್ಗಿ ನೋಡೋನು. "ನಮ್ಮವ್ವನ ಫೋನು ಬಂತಾ?" ಕಂಡಕ್ಟರು, "ಹಿಂದಿನ ಬಸ್ಸಲ್ಲಿ ಬತ್ತದೆ, ಇಳಿಯಪ್ಪ" ಅನ್ನೋನು. ಎಲ್ಲಾ ಕಂಡಕ್ಟರುಗಳೂ ಅದನ್ನೇ ಅಂದ್ರು. ಕೊನೇ ಬಸ್ಸೂ ಹೋದ್ಮೇಲೆ ಜವರಮ್ಮ ಹುಡುಕ್ಕೊಂಡು ಬಂದ್ಲು.

"ಥೂ ಮಂಕೇ, ಫೋನೇನು ನಿಮ್ಮ ಸೋದರಮಾವನಾ, ಬಸ್ಸಿಳಿದು ಬರೋಕೆ? ಇಂಥದ್ದನ್ನೆಲ್ಲ ನಾಲ್ಕು ಜನರನ್ನ ಕೇಳಿ ತಿಳ್ಕೋಬೇಕು ಕಣೋ."

"ಆಯ್ತವ್ವಾ, ಹಂಗೇ ಮಾಡ್ತೀನಿ."

ಬೆಳಿಗ್ಗೆ ಎದ್ದೋನೇ ನಾಲ್ಕು ಜನರನ್ನ ಹುಡುಕ್ಕೊಂಡು ಹೊರಟ. ಕಟಿಂಗ್ ಶಾಪಿನೋನು, "ಬರೋ ಫೋನು ಚಪಾತಿ ಹಂಗೆ ಮಡಚುತ್ತಂತೆ" ಅಂದ. ಹೂವಿನೋಳು, "ಮನಸ್ನಲ್ಲಿ ಹೆಸ್ರು ನೆನೆಸ್ಕೊಂಡ್ರೆ ಸಾಕಂತೆ, ಅದೇ ಕಾಲ್ ಮಾಡುತ್ತಂತೆ" ಅಂದ್ಲು. ಟೈಲರು, "ಬರೋದೇ ಇಲ್ವಂತೆ" ಅಂದ. ಮೂರಾಯ್ತು. ಇನ್ನೊಬ್ರು ಬೇಕಲ್ಲ? ಜಗಲಿ ಮೇಲೆ ಪುಟ್ಟಗೌರಿ ಅವರೆಕಾಯಿ ಸುಲೀತಾ ಕೂತಿದ್ಲು.

"ದೊಡ್ಡವ್ವಾ, ನಮ್ಮವ್ವ ನಿನಗಿಂತ ಹೊಸಾ ಫೋನ್ ತಗೊಂಡು ನಿನ್ನ ಹೊಟ್ಟೆ ಉರಿಸ್ಬೇಕು ಅಂತ ಕಾಯ್ತಾವ್ಳೆ. ಯಾವಾಗ ತಗೊಂಡ್ರೆ ಒಳ್ಳೇದು?"

"ಅವಸರ ಮಾಡ್ಬೇಡ ಅನ್ನು ಮಗಾ ನಿಮ್ಮವ್ವನಿಗೆ" ಅಂದ್ಲು ಪುಟ್ಟಗೌರಿ. ಅಂದವಳೇ ಚಪ್ಲಿ ಮೆಟ್ಟಿ ನಯಾಜ್ ಅಂಗಡಿಗೆ ಹೊರಟ್ಲು.

ಜವರಮ್ಮ ಹಣೆ ಹಣೆ ಚಚ್ಚಿಕೊಂಡ್ಲು. "ಊರು ತುಂಬ ಜನ ಇರೋವಾಗ ನಿಂಗೆ ಅವಳೇ ಬೇಕಾಗಿತ್ತೇನೋ? ಇನ್ಮೇಲೆ ಫೋನಿನ ಮಾತು ಬಂದ್ರೆ ಯಾರ ಮುಂದೇನೂ ಬಾಯಿ ಬಿಡ್ಬೇಡ."

"ಆಯ್ತವ್ವಾ, ಹಂಗೇ ಮಾಡ್ತೀನಿ."

ಸ್ವಲ್ಪ ದಿನ ಆಯ್ತು. ಜವರಮ್ಮ ಒಂದು ನಾಮಕರಣಕ್ಕೆ ಹೋಗಿದ್ಲು. ನಯಾಜು ಬೈಕಲ್ಲಿ ಮನೆ ಮುಂದೆ ಬಂದು ನಿಂತ.

"ಕೆಂಡಗಣ್ಣ, ಹೊಸಾ ಫೋನು ಬಂತು. ಒಂದೇ ಪೀಸು. ಜವರಮ್ನೋರಿಗೆ ಅಂತ ಎತ್ತಿಟ್ಟಿದೀನಿ. ಬೇಕಾ, ಬೇಡ್ವಾ?"

ಕೆಂಡಗಣ್ಣ ಎರಡೂ ಕೈಲಿ ಬಾಯಿ ಮುಚ್ಕೊಂಡ.

"ಹಲ್ಲು ನೋವಾ? ಹ್ಞೂಂ ಅಂತಾದ್ರೂ ಅನ್ನು ಮಾರಾಯಾ."

ಇನ್ನೂ ಗಟ್ಟಿಯಾಗಿ ಮುಚ್ಕೊಂಡ. ಗೋಡೆ ಆಚೆಯಿಂದ ಒಂದು ದನಿ ಬಂತು, "ಅವರಿಗೆ ಬೇಡ ಅಂತ ಕಾಣ್ತದೆ. ನಂಗೆ ಕೊಡಪ್ಪ."

ಸಾಯಂಕಾಲ ಜವರಮ್ಮ ವಾಪಸ್ ಬರ್ತಾಳೆ, ಪುಟ್ಟಗೌರಿ ಜಗಲಿ ಮೇಲೆ ಕೂತು ಆ ಕಡೆ ಯಾರೂ ಇಲ್ದೇ ಇರೋ ಫೋನಲ್ಲಿ ಮಾತಾಡ್ತಾ ಇದಾಳೆ. "ಹ್ಞೂಂ ಕಣೇ, ಹೊಸಾದೇ. ಊರಿಗೆಲ್ಲ ಒಂದೇ ಅಂತೆ. ಪಕ್ಕದ ಮನೆಯೋರು ಪಾಪ, ಇನ್ನೂ ಹಳೇದ್ರಲ್ಲೇ ಅವ್ರೆ." ಆ ರಾತ್ರಿ ಜವರಮ್ಮ ಒಲೆ ಹಚ್ಚಲಿಲ್ಲ. ಸೊಂಟದ ಮೇಲೆ ಪಾತ್ರೆ ಇಟ್ಕೊಂಡ್ಲು, ಹೊಟ್ಟೆ ಉರೀಲೇ ಅನ್ನ ಬೆಂತು. ನಾನೇ ಉಂಡಿದೀನಿ.

ಕೈಗೆ ಸಿಕ್ಕಿದ್ರಲ್ಲಿ ಮಗನಿಗೆ ನಾಲ್ಕು ಬಾರಿಸಿ ಅಂದ್ಲು, "ಇದಕ್ಕಿಂತ ದೊಡ್ಡದು ಬರ್ತದಂತೆ. ಅವಳ ಸರದಿ ಮುಗೀತು, ನಂದು ಇನ್ನೂ ಐತೆ. ಅಲ್ಲೀವರ್ಗೂ ಈ ಹಳೇ ಫೋನನ್ನ ಮಗು ಹಂಗೆ ನೋಡ್ಕೋ. ಒಡೆದಿದ್ರೆ ಕಂಪನಿಯೋರು ವಾಪಸ್ ತಗೊಳಲ್ಲ. ಅವಳ ಕಣ್ಣೂ ಬೀಳ್ಬಾರ್ದು."

"ಆಯ್ತವ್ವಾ, ಹಂಗೇ ಮಾಡ್ತೀನಿ."

ಅಟ್ಟದಿಂದ ತೊಟ್ಟಿಲು ಇಳಿಸ್ದ. ಫೋನನ್ನ ಬಟ್ಟೇಲಿ ಸುತ್ತಿ ಮಲಗಿಸ್ದ. ದೃಷ್ಟಿಬೊಟ್ಟು ಅಂತ ಹಿಂದಕ್ಕೂ ಮುಂದಕ್ಕೂ ಕಾಡಿಗೆ ಮೆತ್ತಿದ, ಸರಿಯಾಗಿ ಕ್ಯಾಮೆರಾ ಮೇಲೆ. ಅವತ್ತು ಮದುವೆಯಾಗಿ ಬೇರೆ ಊರಲ್ಲಿರೋ ಮಗಳು ವಿಡಿಯೋ ಕಾಲ್ ಮಾಡಿ, "ಯಾಕವ್ವಾ, ಊರಲ್ಲಿ ಕರೆಂಟಿಲ್ವಾ?" ಅಂದ್ಲು. ಜವರಮ್ಮ ತಿರುಗಿ ನೋಡಿದ್ರೆ ಇವನು ಹಂಡೇಲಿ ನೀರು ಕಾಯಿಸ್ತಾವ್ನೆ, ಫೋನಿಗೆ ಎರೆಯೋಕೆ.

"ಅಯ್ಯೋ ಮುಂಡೇದೇ, ದೃಷ್ಟಿಗೆ ಫೋನಿಗೆ ಮಸಿ ಬಳೀತಾರೇನೋ? ಕೈಲಿ ಹಿಡ್ಕೊಂಡು ಮೂರು ಸುತ್ತು ನಿವಾಳಿಸಿ, ಥೂ ಅಂತ ಉಗಿದು, ಮೂರುದಾರೀಲಿ ಬಿಸಾಕಿ, ತಿರುಗಿ ನೋಡ್ದೆ ಬರ್ಬೇಕು."

"ಆಯ್ತವ್ವಾ, ಹಂಗೇ ಮಾಡ್ತೀನಿ."

ಕೈಲಿ ಏನನ್ನ ಹಿಡ್ಕೋಬೇಕು ಅಂತ ಹೇಳೋದು ಮರೆತ್ಲು ನೋಡಿ. ಉಪ್ಪು ಮೆಣಸಿನಕಾಯಿ ಅಂತ ನನಗೆ ಗೊತ್ತು, ನಿಮಗೆ ಗೊತ್ತು.

ಕೊನೆಗೂ ಸುದ್ದಿ ನಿಜ ಆಯ್ತು. ದೊಡ್ಡ ಫೋನು ಬಂತು. ಜವರಮ್ಮ ತಾನೇ ಹೋಗಿ ಹಳೇದು ಕೊಟ್ಟು ಹೊಸಾದು ತಂದ್ಲು. ಅದರ ಅಗಲ ಏನಂತೀರಿ, ಅದರ ಮೇಲೆ ಎಲೆ ಹಾಕಿ ಇಬ್ರು ಊಟ ಮಾಡ್ಬೋದು. ಈಗ ಜಗಲಿ ಮೇಲೆ ಕೂತು ಮಾತಾಡೋ ಸರದಿ ಅವಳದು. "ಹ್ಞೂಂ ಕಣೇ, ಪಕ್ಕದ ಮನೆಯೋರದು ಹಳೇ ಮಾಡಲ್ಲು. ಪಾಪ, ವರ್ಷ ಪೂರ್ತಿ ಕಾಯ್ಬೇಕಂತೆ." ಪುಟ್ಟಗೌರಿ ಬಾಗ್ಲು ಸಂದೀಲಿ ನಿಂತು ನೋಡಿದ್ಲು ನೋಡಿದ್ಲು, ರೆಪ್ಪೆ ಬಡೀಲಿಲ್ಲ. ಹೊತ್ತು ಮುಳುಗೋ ಹೊತ್ಗೆ ಜವರಮ್ಮನಿಗೆ ತಲೆ ಸಿಡಿಯೋಕೆ ಶುರುವಾಯ್ತು.

"ಬಿತ್ತು ಕಣೋ ಅವಳ ಕಣ್ಣು. ಬೇಗ ದೃಷ್ಟಿ ತೆಗಿ ಕೆಂಡಗಣ್ಣ."

"ಕೈಲಿ ಏನ್ ಹಿಡ್ಕೊಳ್ಳಲವ್ವಾ?"

"ಅಲ್ಲೇ ಇರೋದನ್ನ ಹಿಡ್ಕೊಳೋ, ಕಣ್ಣು ಬಿಡೋಕಾಗ್ತಾ ಇಲ್ಲ ನಂಗೆ."

ಅಲ್ಲಿದ್ದಿದ್ದು ಫೋನು. ಹಿಡ್ಕೊಂಡ. ಅವ್ವನ ತಲೆ ಸುತ್ತ ನಿವಾಳಿಸ್ದ. "ನಾಯಿ ಕಣ್ಣು, ನರಿ ಕಣ್ಣು, ದೊಡ್ಡವ್ವನ ಕಣ್ಣು" ಅಂತ ಮೂರು ಸುತ್ತು. ಥೂ ಅಂತ ಅದರ ಮೇಲೇ ಉಗಿದ. ಹ್ಯಾಂಡ್‌ಪೋಸ್ಟಿಗೆ ಹೋಗಿ ನಟ್ಟನಡುವೆ ಬಿಸಾಕಿ ತಿರುಗಿ ನೋಡ್ದೆ ಬಂದ. ಜವರಮ್ಮನ ತಲೆನೋವು ಟಕ್ ಅಂತ ಹೋಯ್ತು. ಆಮೇಲೆ ಫೋನ್ ಹುಡುಕಿದ್ಲು.

ಅವಳು ಓಡ್ಹೋಗೋ ಹೊತ್ಗೆ ಪುಟ್ಟಗೌರಿ ಅಲ್ಲೇ ನಿಂತಿದ್ಲು. ಫೋನು ನಡು ರಸ್ತೇಲಿ ಮಿಣಮಿಣ ಅಂತಿದೆ. ಮುಟ್ಟೋರಾರು? ನಿವಾಳಿಸಿ ಬಿಸಾಕಿದ್ದನ್ನ ದಾಟೋದೂ ಇಲ್ಲ ನಮ್ಮ ಜನ.

"ತಗೊಳ್ಳೇ ಜವ್ರಿ, ಫೋನು ನಿಂದೇ ಅಲ್ವಾ?"

"ನೀನೇ ತಗೊಳಕ್ಕ. ಅದ್ರಲ್ಲಿರೋ ಕಣ್ಣು ನಿಂದೇ ಅಲ್ವಾ?"

ಇಬ್ರಿಗೂ ಬೇಕು, ಇಬ್ರೂ ಮುಟ್ಟೋ ಹಂಗಿಲ್ಲ. ಬಿಟ್ಟು ಹೋದ್ರೆ ಇನ್ನೊಬ್ಳು ಎತ್ಕೊಂಡುಬಿಟ್ರೆ ಅಂತ ಯಾರೂ ಜಾಗ ಬಿಡಲೊಲ್ರು. ಬಸ್ಸುಗಳು ಬಳಸ್ಕೊಂಡು ಹೋದ್ವು.

"ಬಿಸಾಕಿದೋನು ನೀನು, ನೀನೇ ಎತ್ಕೊಂಡು ಬಾರೋ ಪಾಪಿ" ಅಂದ್ಲು ಜವರಮ್ಮ, ಬೀದಿ ತುದೀಲಿ ನಿಂತಿದ್ದ ಮಗನಿಗೆ.

"ಆಯ್ತವ್ವಾ. ತಿರುಗಿ ಮಾತ್ರ ನೋಡಂಗಿಲ್ಲ" ಅಂದು ಕೆಂಡಗಣ್ಣ ಬೆನ್ನು ಮಾಡಿ ಹಿಂದ್ಹಿಂದಕ್ಕೆ ನಡ್ಕೊಂಡು ಬಂದ, ಕೈ ಹಿಂದಕ್ಕೆ ಚಾಚಿ ತಡವರಿಸ್ಕೊಂಡು. ಫೋನಿನ ಪಕ್ಕದಲ್ಲೇ ಹಾದು ಹೋದ, ಕೈಗೆ ಸಿಗಲಿಲ್ಲ. ಅವನು ನಿಲ್ಲಲಿಲ್ಲ. ಮುಂದಿನ ಊರೂ ದಾಟಿದ. ಇದಾಗಿ ಮೂರು ವರ್ಷ ಆಯ್ತು, ಇನ್ನೂ ಹಿಂದ್ಹಿಂದಕ್ಕೆ ನಡೀತಾನೇ ಅವ್ನೆ. ಆ ಇಬ್ರೂ ಅಲ್ಲೇ ನಿಂತವ್ರೆ. ದಿನಾ ಸಾಯಂಕಾಲ ಆ ಫೋನು ರಿಂಗಾಗ್ತದೆ. ಕೆಂಡಗಣ್ಣನೇ, "ಇನ್ನೂ ಎಷ್ಟು ದೂರ ಅವ್ವಾ" ಅಂತ ಕೇಳೋಕೆ.

"ತಾತ, ಮೂರು ವರ್ಷದಿಂದ ನಡು ರಸ್ತೇಲಿ ಬಿದ್ದಿರೋ ಫೋನಿಗೆ ಚಾರ್ಜ್ ಹಾಕೋರು ಯಾರು?"

ತಡಿ ಲಿಂಗರಾಜು, ಯಾಕೋ ಒಂದು ಹಲ್ಲು ಅಲ್ಲಾಡ್ತಾ ಇದೆ.