ಕಲೆ ಬೀಳದ ಪೈಪು

ಕಾರ್ಖಾನೆಯೊಂದರಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಪೈಪೊಂದಿತ್ತು. ಕಬ್ಬಿಣದ ಪುಡಿ ತಗುಲಿದರೆ ತುಕ್ಕಿನ ಕಲೆ ಬೀಳುತ್ತದೆಂದು ಅದನ್ನು ಬೇರೆ ಕೋಣೆಯಲ್ಲಿ, ಮರದ ಹಲಗೆಯ ಮೇಲೆ ಇಟ್ಟಿದ್ದರು. ಅದರ ಮೈ ಉಜ್ಜುವ ಬ್ರಷ್ ಕೂಡ ಬೇರೆಯೇ. ಹೊರಗೆ ಸಾದಾ ಉಕ್ಕಿನ ಪೈಪುಗಳು ಒಂದರ ಮೇಲೊಂದು ಬಿದ್ದುಕೊಂಡು ಹರಟುವುದನ್ನು ಕೇಳುತ್ತ, ತನ್ನನ್ನೂ ಯಾರಾದರೂ ಕರೆಯಲಿ ಎಂದು ಅದು ಒಳಗೊಳಗೇ ಹಂಬಲಿಸುತ್ತಿತ್ತು.

ಕೊನೆಗೊಂದು ದಿನ ಸಾದಾ ಉಕ್ಕಿನ ತೊಟ್ಟಿಯೊಂದಕ್ಕೆ ಬೆಸೆಯಲು ಅದನ್ನು ತಂದರು.

"ಬಾರಪ್ಪ, ನಿನಗಾಗಿಯೇ ಬಾಯಿ ತೆರೆದುಕೊಂಡು ಕೂತಿದ್ದೇನೆ," ಎಂದಿತು ತೊಟ್ಟಿ.

ಪೈಪಿಗೆ ಸಂತೋಷವಾಯಿತು, ತೋರಿಸಿಕೊಳ್ಳಲಿಲ್ಲ. "ಸ್ವಲ್ಪ ದೂರವಿದ್ದು ಮಾತನಾಡಿ," ಎಂದಿತು.

ಬೆಸುಗೆಯ ಕಡ್ಡಿ ಮುಂದೆ ಬಂದು, "ನನ್ನಲ್ಲಿ ತುಕ್ಕು ತಡೆಯುವ ಕ್ರೋಮಿಯಂ ನಿಮಗಿಂತ ಹೆಚ್ಚಿದೆ. ಕರಗುವಾಗ ತೊಟ್ಟಿಯ ಉಕ್ಕೂ ಬೆರೆತು ಅದರ ಪಾಲು ಕಡಿಮೆಯಾಗುತ್ತದೆ. ಹೆಚ್ಚಾಗಿ ತಂದರೇನೇ ಬೆಸುಗೆ ನಿಲ್ಲುವುದು," ಎಂದಿತು.

"ನಮ್ಮ ಸೊತ್ತು ಆ ತೊಟ್ಟಿಗೆ ಹೋಗಬೇಕೇ?" ಎಂದಿತು ಪೈಪು. "ನನ್ನಲ್ಲಿರುವಷ್ಟೇ ಇರುವ ಕಡ್ಡಿ ಬರಲಿ. ಒಂದು ಚೂರೂ ಹೆಚ್ಚು ಬೇಡ."

"ಅಯ್ಯೋ, ಅಷ್ಟು ಅಳೆದರೆ ಯಾರ ಜೊತೆ ಬಾಳುತ್ತೀಯಪ್ಪ?" ಎಂದು ತೊಟ್ಟಿ ನಕ್ಕಿತು.

ಪೈಪು ಹಟ ಬಿಡಲಿಲ್ಲ. ಅದು ಕೇಳಿದ ಕಡ್ಡಿಯಿಂದಲೇ ಬೆಸೆದರು. ಬೆಸುಗೆ ಆರುತ್ತಿದ್ದಂತೆ ಚಟ್ಟೆಂದು ಬಿರುಕು ಬಿಟ್ಟಿತು. ಪೈಪನ್ನು ಕತ್ತರಿಸಿ ತೆಗೆದು, ಬೇರೊಂದು ಪೈಪನ್ನು ಮೊದಲು ಬಂದಿದ್ದ ಕಡ್ಡಿಯಿಂದ ತೊಟ್ಟಿಗೆ ಬೆಸೆದರು.

ಗಿಡ್ಡವಾದ ಪೈಪು ಮತ್ತೆ ಹಲಗೆ ಸೇರಿತು. ತೊಟ್ಟಿಯಿಂದ ನೀರು ಹರಿಯುವ ಸದ್ದು ಗೋಡೆಯಾಚೆ ಕೇಳುತ್ತಿತ್ತು. ಬ್ರಷ್ ಬಂದು ಅದರ ಮೈ ಉಜ್ಜಿ, "ಒಂದು ಕಲೆಯೂ ಇಲ್ಲ," ಎಂದಿತು.

"ಸರಿಯಾಗಿ ನೋಡು," ಎಂದಿತು ಪೈಪು. "ಎಲ್ಲಾದರೂ ಒಂದು ಇರಬಹುದು."