ಬೀರಪ್ಪ ಅವ್ವನನ್ನು ಸಾಕಿದ್ದು

ಉಣ್ಣೆ ನೂಲುವ ಕರಿಯವ್ವನಿಗೆ ಒಬ್ಬನೇ ಮಗ, ಬೀರಪ್ಪ. ವಯಸ್ಸು ನಲವತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. "ನಾ ಹೋದ ಮ್ಯಾಲೆ ನಿನ್ನ ಯಾರು ಸಾಕ್ತಾರೋ," ಅಂತ ಅವ್ವ ದಿನಾ ಕೊರಗುತ್ತಿದ್ದಳು.

ಒಮ್ಮೆ ಒಲೆಯ ಬೆಂಕಿಗೆ ಅವಳ ಬಲಗೈ ಸುಟ್ಟಿತು. ನೂಲುವ ಕೈ. ಬೀರಪ್ಪ ಕಸ ಗುಡಿಸುತ್ತಿದ್ದ ಲ್ಯಾಬಿನ ಡಾಕ್ಟರಮ್ಮ ಅವಳ ತೊಡೆಯಿಂದ ಚರ್ಮದ ಚೂರು ತೆಗೆದು, ಅದರ ಜೀವಕೋಶಗಳನ್ನು ಮೂರು ಬಟ್ಟಲಿಗೆ ಬಿಟ್ಟರು. ಅವು ಬೆಳೆದು ಹಬ್ಬಿದರೆ ಗಾಯಕ್ಕೆ ಹಚ್ಚಬಹುದು, ಕೈ ಉಳಿಯುತ್ತದೆ. ನೋಡಿಕೊಳ್ಳಲು ಇವನೇ ಸಿಕ್ಕಿದನೇ ಅಂತ ಕೇಳಬೇಡಿ. ಮಗನಿಗಿರುವ ಅಕ್ಕರೆ ಬೇರೆಯವರಿಗೆಲ್ಲಿ ಅಂತ ಡಾಕ್ಟರಮ್ಮ ಅಂದುಕೊಂಡರು.

"ಬೀರಪ್ಪ, ಮೊದಲು ಈ ಬಟ್ಟಲು ಸಾಕು," ಅಂದರು.

ಸಾಕು ಅಂದಮೇಲೆ ಸಾಕು. ಬೀರಪ್ಪ ಮುಚ್ಚಳ ಮುಚ್ಚಿ ಮನೆಗೆ ಹೋದ. ಕೋಶಗಳು ಹಸಿದು ಸತ್ತು ತೇಲಿದವು.

"ಸಾಕು ಅಂದ್ರೆ ಬೇಡ ಅಂತಲ್ಲ ಕಣಪ್ಪ, ಸಲಹು ಅಂತ! ಮೂರು ದಿನಕ್ಕೊಂದು ಸಲ ಊಟ ಕೊಡು. ಮೈ ಬಿಸಿಯಷ್ಟೇ ಬೆಚ್ಚಗಿಡು."

"ಆಗ್ಲಿ ಅಮ್ಮ."

ಎರಡನೆಯ ಬಟ್ಟಲನ್ನು ಅಂಗಿಯೊಳಗೆ ಎದೆಗವಚಿಕೊಂಡು ಓಡಾಡಿದ. ಬೂಷ್ಟು ಹಿಡಿಯಿತು.

"ನಿನ್ನ ಮೈಯಲ್ಲಲ್ಲ! ಬಿಸಿ ಪೆಟ್ಟಿಗೆಯಲ್ಲಿಟ್ಟು ಬಾಗಿಲು ಮುಚ್ಚು. ಅಲುಗಾಡಿಸಬೇಡ. ಉಳಿದಿರೋದು ಇದೊಂದೇ."

ಡಾಕ್ಟರಮ್ಮನ ದನಿ ಇಳಿದಿತ್ತು. ಬೀರಪ್ಪನಿಗೂ ಭಯವಾಯಿತು. ಮೂರನೆಯದನ್ನು ಹೇಳಿದ ಹಾಗೇ ಸಾಕಿದ. ಅದೆಷ್ಟು ಕಷ್ಟ ಅಂತ ನಮ್ಮಂಥ ಜಾಣರಿಗೆ ಗೊತ್ತು.

ವಾರಗಳಾದ ಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ.

"ಏನು ಕಾಣ್ತಿದೆ? ಬೇರೆ ಥರದ ಕೋಶ ಬೆಳೆದಿದ್ರೆ ಕೆಲಸಕ್ಕೆ ಬರಲ್ಲ," ಅಂದರು ಡಾಕ್ಟರಮ್ಮ.

"ಅವ್ವ ಉಣ್ಣೆ ನೂಲೋ ಕದಿರು ಕಾಣ್ತವೆ. ನಡು ದಪ್ಪ, ಎರಡೂ ತುದಿ ಚೂಪು. ತಳಕ್ಕೆ ಅಂಟ್ಕೊಂಡು ಸಾಲಾಗಿ ಕುಂತವೆ."

ಡಾಕ್ಟರಮ್ಮ ತಾವೂ ನೋಡಿದರು. "ಇವೇ ಕಣಪ್ಪ. ಮೈಯೊಳಗೆ ನಾರು ನೂಲೋವು ಇವೇ."

ಅವನ್ನು ಹಚ್ಚಿದ ಮೇಲೆ ಗಾಯ ಕೂಡಿತು. ಕರಿಯವ್ವ ಮತ್ತೆ ನೂಲಲು ಕೂತ ಮೊದಲ ದಿನ, ಸಂಜೆಗೆ ಕೈ ಸೋತು ಕದಿರು ಕೆಳಗಿಟ್ಟಳು.

"ಸಾಕಪ್ಪ, ಸಾಕು."

ಬೀರಪ್ಪ ಎದ್ದ. ಈ ಮಾತಿಗೆ ಇನ್ನೊಮ್ಮೆ ಮೋಸಹೋಗುವವನಲ್ಲ. ಅವ್ವನಿಗೆ ಕಂಬಳಿ ಸುತ್ತಿದ, ಎತ್ತಿ ಒಳಕೋಣೆಯಲ್ಲಿ ಕೂರಿಸಿದ, ಬಾಗಿಲು ಮುಚ್ಚಿ ಹೊರಗೆ ಒರಗಿ ಕೂತ.

"ಏನೋ ಇದು?"

"ಅಲುಗಾಡಬ್ಯಾಡ ಅವ್ವ. ನಿನ್ನ ನಾ ಸಾಕ್ತೀನಿ."

ಒಳಗೆ ಕರಿಯವ್ವ ಕಂಬಳಿಯನ್ನು ಹೆಗಲಿಗೆ ಎಳೆದುಕೊಂಡಳು. ಯಾರು ಸಾಕ್ತಾರೆ ಅನ್ನುವ ಮಾತು ಅವಳ ಬಾಯಲ್ಲಿ ಮತ್ತೆ ಬರಲಿಲ್ಲ. ಆಮೇಲೆ ಮೆಲ್ಲಗೆ ಬಾಗಿಲು ಬಡಿದಳು.

"ಹೊಟ್ಟೆ ಹಸೀತೈತೆ ಕಣೋ."

"ತಡಿಯವ್ವ, ಇನ್ನು ಮೂರೇ ದಿನ."