ಒಡ್ಡಿನ ಬುಡದ ನೀರು

“ಗುರುಗಳೇ, ಬರಲಿದೆ ಎಂದು ಕೂಗಿ ಹೇಳಿದ ಆಪತ್ತು ಬಾರದೇ ಹೋದರೆ, ಕೂಗಿದವನ ಗತಿ ಏನು?” ಎಂದು ಶಿಷ್ಯ ಮುಪ್ಪಯ್ಯ ಕೇಳಿದ.

ಗುರು ಈ ಕತೆ ಹೇಳಿದರು.

ಒಂದು ಚಿನ್ನದ ಗಣಿಯಿತ್ತು. ಕಲ್ಲನ್ನು ಅಗೆದು, ಪುಡಿಮಾಡಿ, ತೊಳೆದು ಚಿನ್ನ ತೆಗೆಯುತ್ತಿದ್ದರು. ಸಿಗುವ ಚಿನ್ನ ಚಿಟಿಕೆಯಷ್ಟು. ಉಳಿಯುವ ಕೆಸರು ಗುಡ್ಡದಷ್ಟು. ಆ ಕೆಸರನ್ನು ಎರಡು ಗುಡ್ಡಗಳ ನಡುವೆ ಮಣ್ಣಿನ ಒಡ್ಡು ಕಟ್ಟಿ ಅದರ ಹಿಂದೆ ತುಂಬುತ್ತಿದ್ದರು. ಒಡ್ಡಿನ ಕೆಳಗೆ ಗಣಿ ಕೆಲಸದವರ ನಲವತ್ತು ಮನೆಗಳಿದ್ದವು.

ಒಡ್ಡು ಕಟ್ಟಿದ ವರ್ಷವೇ ಊರಿನ ಸಭೆ ನಿಯಮ ಮಾಡಿತ್ತು. ಕೆಸರು ಒಡ್ಡಿನ ನೆತ್ತಿಗಿಂತ ಒಂದು ಆಳೆತ್ತರ ಕೆಳಗೇ ಇರಬೇಕು. ಬುಡದಲ್ಲಿ ಜಿನುಗುವ ನೀರು ತಿಳಿಯಾಗಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ಅದೇ ದಿನ ಗಣಿ ನಿಲ್ಲಬೇಕು, ಕೆಳಗಿನ ಮನೆಗಳು ಖಾಲಿಯಾಗಬೇಕು. ಇದನ್ನು ನೋಡಿಕೊಳ್ಳಲು ಒಬ್ಬ ಪರೀಕ್ಷಕನನ್ನು ನೇಮಿಸಿದರು. ಅವನು ಗಣಿಯ ಒಡೆಯನ ಆಳಲ್ಲ, ಸಭೆಯ ಆಳು.

ಪರೀಕ್ಷಕ ದಿನವೂ ಬೆಳಿಗ್ಗೆ ಒಂದು ಗಾಜಿನ ಬಟ್ಟಲಲ್ಲಿ ಬುಡದ ನೀರು ಹಿಡಿದು ಬೆಳಕಿಗೆ ಎತ್ತಿ ನೋಡುತ್ತಿದ್ದ. ಬಟ್ಟಲಿನಾಚೆ ತನ್ನ ಬೆರಳಿನ ಗೆರೆಗಳು ಕಂಡರೆ ನೀರು ತಿಳಿ ಎಂದು ಲೆಕ್ಕ. ಹನ್ನೊಂದು ವರ್ಷ ಗೆರೆಗಳು ಕಂಡವು.

ಹನ್ನೆರಡನೆಯ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಆರನೆಯ ದಿನ ಬಟ್ಟಲು ಎತ್ತಿದಾಗ ಬೆರಳೇ ಮಸುಕಾಗಿತ್ತು. ದನ ತುಳಿದಿರಬೇಕು ಎಂದುಕೊಂಡ. ಚೆಲ್ಲಿ ಮತ್ತೆ ಹಿಡಿದ. ಹತ್ತು ಮಾರು ಆಚೆ ಹೋಗಿ ಹಿಡಿದ. ಬಟ್ಟಲನ್ನು ಕಲ್ಲಿನ ಮೇಲಿಟ್ಟು ಕಾದ. ತಳದಲ್ಲಿ ಬೂದಿಬಣ್ಣದ ನುಣ್ಣನೆಯ ಹಿಟ್ಟು ಉಗುರಿನ ದಪ್ಪ ಕೂತಿತು. ಒಡ್ಡು ಒಳಗಿನಿಂದ ಕರಗುತ್ತಿದೆಯೋ, ಬರೀ ಮೇಲ್ಮಣ್ಣು ತೊಳೆದು ಬಂದಿದೆಯೋ, ಹೇಳಬಲ್ಲವರು ಯಾರೂ ಇರಲಿಲ್ಲ.

ಬಟ್ಟಲನ್ನು ಅಂಗೈಯಿಂದ ಮುಚ್ಚಿಕೊಂಡು ಗಣಿಯ ಒಡೆಯನಲ್ಲಿಗೆ ಓಡಿದ.

ಒಡೆಯ ಕೆಟ್ಟವನಲ್ಲ. ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದ. “ಹನ್ನೊಂದು ವರ್ಷ ಅಲುಗದ ಒಡ್ಡು ಇದು. ಈ ಮಳೆಗೆ ನಮ್ಮ ಮನೆ ಬಾವಿಯ ನೀರೂ ಕಲಕಿದೆ. ಮೂರು ದಿನ ನೋಡೋಣ. ಇಂಥ ಸುರಿಮಳೆಯಲ್ಲಿ ಮುದುಕರನ್ನು, ಬಾಣಂತಿಯರನ್ನು ಎಲ್ಲಿಗೆ ಅಟ್ಟುತ್ತೀರಿ?” ಎಂದ.

ಮಾತು ನ್ಯಾಯವಾಗಿಯೇ ಇತ್ತು. ಅದಕ್ಕೇ ಪರೀಕ್ಷಕನ ಹೆದರಿಕೆ ಇಮ್ಮಡಿಯಾಯಿತು. ಹೂಂ ಎಂದುಬಿಡಲು ಅವನ ಜೀವ ಹಾತೊರೆಯಿತು.

“ನಿಯಮದಲ್ಲಿ ಅದೇ ದಿನ ಎಂದಿದೆ, ಒಡೆಯರೇ. ಮೂರು ದಿನ ಎಂದಿಲ್ಲ,” ಎಂದು ಹೇಳಿ, ಹೊರಗೆ ಹೋಗಿ ಗಣಿ ನಿಲ್ಲಿಸುವ ಗಂಟೆಯನ್ನು ತಾನೇ ಬಾರಿಸಿದ.

ಗಣಿ ನಿಂತಿತು. ಜನ ಕೋಳಿ, ಕುರಿ, ಹಾಸಿಗೆ ಹೊತ್ತುಕೊಂಡು ಎದುರಿನ ದಿಣ್ಣೆ ಹತ್ತಿದರು. ತೆಂಗಿನ ಗರಿ ಹೊದಿಸಿದ ಗುಡಿಸಲುಗಳಲ್ಲಿ ನೆನೆಯುತ್ತ ಕೂತರು. ಗಣಿಯ ಆಳುಗಳು ಪಕ್ಕದ ಬಂಡೆಯಲ್ಲಿ ಕಾಲುವೆ ಕಡಿದು, ಕೆಸರಿನ ಮೇಲೆ ನಿಂತ ನೀರನ್ನು ಹರಿಯಬಿಟ್ಟರು. ಒಡ್ಡಿನ ಬುಡಕ್ಕೆ ಮರಳು ಹಾಸಿ, ಮೇಲೆ ಕಲ್ಲು ಪೇರಿಸಿದರು. ಪರೀಕ್ಷಕ ದಿನಕ್ಕೆ ಹತ್ತು ಸಲ ನೀರು ಹಿಡಿಯುತ್ತಿದ್ದ. ಗುಡುಗಿದರೆ ಒಡ್ಡು ಬಿರಿಯಿತೆಂದು ಬೆಚ್ಚುತ್ತಿದ್ದ. ಒಮ್ಮೆ ದಿಣ್ಣೆಯ ಮೇಲಿಂದ ಮಕ್ಕಳ ಅಳು ಕೇಳಿ, ಈ ಒಡ್ಡು ಬಿರಿದಾದರೂ ಬಿಡಬಾರದೇ ಎನ್ನಿಸಿತು. ಮರುಗಳಿಗೆಯೇ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ.

ದಿಣ್ಣೆ ಹತ್ತಿದ ಒಂಬತ್ತನೆಯ ದಿನ ಅಲ್ಲಿ ಒಬ್ಬ ಮುದುಕಿ ಚಳಿಜ್ವರದಿಂದ ತೀರಿಕೊಂಡಳು.

ಹದಿನೇಳನೆಯ ದಿನ ನೀರು ತಿಳಿಯಾಯಿತು. ಒಡ್ಡು ಇದ್ದಂತೆಯೇ ಇತ್ತು. ಜನ ಮನೆಗಳಿಗೆ ಇಳಿದು ಬಂದರು. ಪರೀಕ್ಷಕ ದಾರಿಯ ಪಕ್ಕ ನಿಂತಿದ್ದ. ಯಾರೂ ಅವನ ಮುಖ ನೋಡಲಿಲ್ಲ. ಮುದುಕಿಯ ಮಗಳು ಮಾತ್ರ ಎದುರಿಗೆ ಬಂದು ನಿಂತಳು.

“ಒಡ್ಡು ಅಲ್ಲೇ ನಿಂತಿದೆಯಲ್ಲ ಅಯ್ಯಾ. ನಮ್ಮವ್ವ ಎಲ್ಲಿ?” ಎಂದು ಕೇಳಿದಳು.

ಅವನು ಕೈ ಮುಗಿದ. ಅವಳು ಆ ಕೈಗಳನ್ನು ನೋಡಿ ನಡೆದುಹೋದಳು.

ಅವನನ್ನು ಕೆಲಸದಿಂದ ತೆಗೆಯಿರಿ ಎಂದು ಸಭೆಯಲ್ಲಿ ಕೆಲವರು ಕೂಗಾಡಿದರು. ಸಭೆ ತೆಗೆಯಲಿಲ್ಲ, ಭೇಷ್ ಎನ್ನಲೂ ಇಲ್ಲ. ಮಾರನೆಯ ಬೆಳಿಗ್ಗೆ ಅವನು ಮತ್ತೆ ಒಡ್ಡಿನ ಬುಡಕ್ಕೆ ಹೋಗಿ ಬಗ್ಗಿದ. ಬಟ್ಟಲನ್ನು ಬೆಳಕಿಗೆ ಒಮ್ಮೆಯಲ್ಲ, ಎರಡು ಸಲ ಎತ್ತಿ ನೋಡಿದ. ಬದುಕಿರುವ ತನಕ ಎರಡೆರಡು ಸಲ ನೋಡುವುದನ್ನು ಬಿಡಲಿಲ್ಲ.

ಗುರು ಕತೆ ಮುಗಿಸಿದರು. ಮುಪ್ಪಯ್ಯ ಇನ್ನೂ ಏನೋ ಇದೆಯೆಂದು ಕಾದ. ಕೊನೆಗೆ ತಡೆಯಲಾರದೆ, “ಅವನು ಗಂಟೆ ಬಾರಿಸದಿದ್ದರೆ ಒಡ್ಡು ನಿಜವಾಗಿಯೂ ಒಡೆಯುತ್ತಿತ್ತೇ?” ಎಂದು ಕೇಳಿದ.

“ಅದು ತಿಳಿಯಬೇಕಿದ್ದರೆ ಅವನು ಸುಮ್ಮನಿರಬೇಕಿತ್ತು,” ಎಂದರು ಗುರು.